ಗೂಡು ಸೀಳಿದ ಪಂಡಿತ

"ಗುರುಗಳೇ, ಒಳಿತನ್ನೇ ಬಯಸಿ ಮಾಡಿದ ಕೆಲಸದಿಂದ ಸಾವು ಬಂದರೆ, ಆ ಪಾಪ ಮಾಡಿದವನಿಗೆ ತಟ್ಟುತ್ತದೆಯೇ?" ಎಂದು ಶಿಷ್ಯ ಮರುಳಯ್ಯ ಕೇಳಿದ. ಅವನು ನಾಟಿವೈದ್ಯ. ಹೆರಿಗೆ ತಡವಾಯಿತೆಂದು ಅವನು ಕುಡಿಸಿದ ಕಷಾಯದಿಂದ ಒಬ್ಬ ಗರ್ಭಿಣಿ ತೀರಿಕೊಂಡಿದ್ದಳು. ಅಂದಿನಿಂದ ಅವನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಪಂಡಿತನಿದ್ದ. ಪತಂಗಗಳನ್ನು ಕುಲವಾರು ವಿಂಗಡಿಸುವುದೇ ಅವನ ಬದುಕು. ಯಾವುದರ ಗಂಡು ಹೇಗೆ, ಹೆಣ್ಣು ಹೇಗೆ, ಯಾವುದು ಯಾವುದಕ್ಕೆ ನೆಂಟು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಒಂದು ಕುಲ ಮಾತ್ರ ಅವನಿಗೆ ಬಗೆಹರಿದಿರಲಿಲ್ಲ. ಅದರ ಹುಳುಗಳು ಕಡ್ಡಿಚೂರುಗಳನ್ನು ನೂಲಿನಿಂದ ಹೆಣೆದು ಗೂಡು ಕಟ್ಟಿ, ಅದನ್ನು ಹೊತ್ತೇ ತಿರುಗುತ್ತಿದ್ದವು. ಬೆಳೆದ ಮೇಲೆ ಕೆಲವು ಗೂಡುಗಳಿಂದ ಕಪ್ಪು ರೆಕ್ಕೆಯ ಪತಂಗಗಳು ಹೊರಬಂದವು. ಎಲ್ಲವೂ ಗಂಡು. ಮಿಕ್ಕ ಗೂಡುಗಳು ಜಾಲಿಮರದಲ್ಲಿ ತೂಗುತ್ತಲೇ ಇದ್ದವು.

ಹೆಣ್ಣುಗಳು ಹೊರಬರಲಾರದೆ ಒಳಗೇ ಸಿಕ್ಕಿಕೊಂಡಿವೆ ಎಂದುಕೊಂಡ ಪಂಡಿತ. ಅವನ ಕರುಳು ಚುರುಕ್ಕೆಂದಿತು. ಕತ್ತರಿ ತಂದು ಒಂದು ಗೂಡನ್ನು ಸೀಳಿದ. ಒಳಗೊಂದು ಮೆತ್ತನೆಯ ಮೈ. ರೆಕ್ಕೆಯಿಲ್ಲ, ಕಾಲಿಲ್ಲ. ಸೆರೆಯಲ್ಲಿದ್ದೇ ಹೀಗಾಗಿದೆ ಎಂದು ಇನ್ನಷ್ಟು ಮರುಗಿದ. ಕೈಗೆಟುಕಿದ ಗೂಡುಗಳನ್ನೆಲ್ಲ ಸೀಳಿದ.

ಹೆಂಡತಿ ಬಂದು, "ಇದೇನು ಮಾಡುತ್ತಿದ್ದೀರಿ?" ಎಂದಳು.

"ಬಿಡಿಸುತ್ತಿದ್ದೇನೆ" ಎಂದ.

ನೆಲಕ್ಕೆ ಬಿದ್ದ ಹೆಣ್ಣುಗಳನ್ನು ಇರುವೆಗಳು ಮುತ್ತಿದವು. ಸಂಜೆ ಗಂಡುಗಳು ವಾಸನೆ ಹಿಡಿದು ಬಂದವು. ಹರಿದ ಗೂಡುಗಳನ್ನು ಸುತ್ತಿ ಸುತ್ತಿ ಸೋತವು. ಒಂದು ಮಾತ್ರ ಮೇಲಿನ ಕೊಂಬೆಯಲ್ಲಿ ಉಳಿದಿದ್ದ ಗೂಡಿಗೆ ಅಂಟಿಕೊಂಡು, ಅದರ ತುದಿಯ ಸಣ್ಣ ಬಾಯಿಯೊಳಗೆ ಹೊಟ್ಟೆ ಚಾಚಿ, ಒಳಗಿದ್ದ ಹೆಣ್ಣನ್ನು ಕೂಡಿತು. ಪಂಡಿತ ಆ ಗೂಡನ್ನು ಕಾದ. ಹೆಣ್ಣು ಒಳಗೇ ಮೊಟ್ಟೆಯಿಟ್ಟು ಒಳಗೇ ಸತ್ತಿತು. ಮರಿಗಳು ನೂಲು ಹಿಡಿದು ಗಾಳಿಗೆ ಇಳಿದವು. ಆ ಕುಲದ ಹೆಣ್ಣಿಗೆ ರೆಕ್ಕೆ ಮೂಡುವುದೇ ಇಲ್ಲವೆಂದು ಅವನಿಗೆ ಆಗ ತಿಳಿಯಿತು. ಗೂಡೇ ಅದರ ಪ್ರಸ್ತದ ಕೋಣೆ, ಗೂಡೇ ಹೆರಿಗೆಯ ಕೋಣೆ.

ಪಂಡಿತ ತನ್ನ ವಿಂಗಡಣೆಯಲ್ಲಿ ಆ ಕುಲವನ್ನು ಅದರ ಸರಿಯಾದ ಜಾಗಕ್ಕೆ ಸೇರಿಸಿದ. ವಿದ್ವಾಂಸರು ಹೊಗಳಿದರು. ಅವನು ಮತ್ತೆಂದೂ ಆ ಮರದ ಕೆಳಗೆ ಹಾಯಲಿಲ್ಲ.

ಇಲ್ಲಿಗೆ ಗುರುಗಳು ಕತೆ ಮುಗಿಸಿದರು. ಮರುಳಯ್ಯ ತಡೆಯಲಾರದೆ ಕೇಳಿದ: "ಆದರೂ ಅವನ ಮನಸ್ಸು ಶುದ್ಧವಾಗಿತ್ತಲ್ಲವೇ, ಗುರುಗಳೇ?"

"ಶುದ್ಧವಾಗಿತ್ತು, ಮರುಳಯ್ಯ, ಆದರೆ ಮನಸ್ಸು ಅವನದು, ಮೈ ಅವಳದು."