ಮನೆಗೊಂದು ಕಾಸಿನ ನೀರು

ಎತ್ತರಗಲ್ಲು ಎಂಬ ಪಟ್ಟಣದಲ್ಲಿ ನೀರಿಗೆ ತಿಂಗಳಿಗೆ ಮನೆಗೊಂದು ಕಾಸು ಸುಂಕವಿತ್ತು. ಮಹಡಿ ಮನೆಗೂ ಒಂದು ಕಾಸು, ಗುಡಿಸಲಿಗೂ ಒಂದು ಕಾಸು. ನಲವತ್ತು ವರ್ಷಗಳಿಂದ ಅದು ಬದಲಾಗಿರಲಿಲ್ಲ.

ಊರು ಇದ್ದದ್ದು ಒಂದು ದೊಡ್ಡ ಬಂಡೆಯ ಮೇಲೆ. ಬಂಡೆಯ ನೆತ್ತಿಯಲ್ಲಿ ಒಂದೇ ಒಂದು ಆಳವಾದ ಬಾವಿ. ಆ ಬಾವಿಗೆ ಕಪಿಲೆ ಕಟ್ಟಿದ್ದರು. ಎತ್ತುಗಳು ಹಗ್ಗ ಎಳೆಯುತ್ತಾ ಇಳಿಜಾರಿನಲ್ಲಿ ಇಳಿದರೆ ಚರ್ಮದ ದೊಡ್ಡ ಚೀಲ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತಿತ್ತು. ಅಲ್ಲಿಂದ ಕಲ್ಲಿನ ಕಾಲುವೆ ಹಿಡಿದು ನೀರು ಕೇರಿ ಕೇರಿಗೆ ಹರಿಯುತ್ತಿತ್ತು.

ಕಪಿಲೆ ಹೊಡೆಯುವವನು ಬೂವಣ್ಣ. ಅವನ ಹೆಂಡತಿ ಮಾಳವ್ವ ತೊಟ್ಟಿ, ಕಾಲುವೆ ನೋಡಿಕೊಳ್ಳುತ್ತಿದ್ದಳು. ನೀರಿನ ಸುಂಕವೆಲ್ಲ ಅವರಿಗೇ ಸೇರುತ್ತಿತ್ತು. ಅದರಲ್ಲೇ ಎತ್ತು ಸಾಕಬೇಕು, ಹಗ್ಗ ಹೊಸದು ಮಾಡಿಸಬೇಕು, ಚೀಲ ಹೊಲಿಸಬೇಕು. ಉಳಿದದ್ದರಲ್ಲಿ ಹೊಟ್ಟೆ ಹೊರೆಯಬೇಕು.

ಊರಿನ ಆಡಳಿತ ಪಟ್ಟಣಶೆಟ್ಟಿಯಾದ ಕೇತಿಶೆಟ್ಟಿಯ ಕೈಯಲ್ಲಿತ್ತು. ಅವನು ಕೆಟ್ಟವನಲ್ಲ. ಯಾರಿಂದಲೂ ಲಂಚ ಮುಟ್ಟಿದವನಲ್ಲ. ಆದರೆ ಜನರ ಬಾಯಲ್ಲಿ ಒಳ್ಳೆಯವನು ಅನ್ನಿಸಿಕೊಳ್ಳುವುದೆಂದರೆ ಅವನಿಗೆ ಪ್ರಾಣ. ಆಯಾ ವರ್ಷದ ಸುಂಕವನ್ನು ಯುಗಾದಿಯ ಮಾರನೆಯ ದಿನ ಗೊತ್ತುಮಾಡುವುದು ಊರಿನ ಪದ್ಧತಿ. ಅಂದು ಕೇತಿಶೆಟ್ಟಿ ಚಾವಡಿಯ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದ:

"ನಮ್ಮಪ್ಪ ಏರಿಸಲಿಲ್ಲ, ನಾನೂ ಏರಿಸೋದಿಲ್ಲ. ಈ ವರ್ಷವೂ ಮನೆಗೆ ಒಂದೇ ಕಾಸು!"

"ಶೆಟ್ಟರ ಹೊಟ್ಟೆ ತಣ್ಣಗಿರಲಿ" ಎಂದು ಜನ ಹರಸುತ್ತಿದ್ದರು. ಆ ಮಾತು ಕೇಳಿ ಕೇತಿಶೆಟ್ಟಿಗೆ ವರ್ಷವಿಡೀ ಸಾಕಾಗುವಷ್ಟು ಸಂತೋಷವಾಗುತ್ತಿತ್ತು.

ಜನ ಚದುರಿದ ಮೇಲೆ ಬೂವಣ್ಣ ಹತ್ತಿರ ಬರುತ್ತಿದ್ದ.

"ಶೆಟ್ಟರೇ, ನಮ್ಮಪ್ಪನ ಕಾಲಕ್ಕಿಂತ ಎತ್ತಿನ ಬೆಲೆ ಮೂರು ಪಟ್ಟಾಗಿದೆ. ಹಗ್ಗ ಸವೆದು ಹೋಗಿದೆ. ಸುಂಕ ಒಂದಿಷ್ಟು ನೋಡಬೇಕು."

"ನೋಡೋಣ ಬೂವಣ್ಣ, ಬರೋ ವರ್ಷ ನೋಡೋಣ. ಬಡವರು ಎಲ್ಲಿಂದ ತರ್ತಾರೆ, ನೀನೇ ಹೇಳು. ನೀನು ಊರಿನ ಮನುಷ್ಯ, ಹೇಗೋ ಸುಧಾರಿಸ್ಕೊ."

ಬೂವಣ್ಣ ಸುಧಾರಿಸಿಕೊಂಡ. ನಾಲ್ಕು ಎತ್ತು ಇದ್ದವು. ಮುದಿಯಾದ ಜೋಡಿ ಸತ್ತಾಗ ಬೇರೆ ಕೊಳ್ಳಲಿಲ್ಲ. ಉಳಿದ ಜೋಡಿಯನ್ನೇ ಬೆಳಗಿನಿಂದ ಬೈಗಿನವರೆಗೆ ಹೂಡಿದ. ಹಗ್ಗ ಹರಿದಲ್ಲೆಲ್ಲ ಗಂಟು ಹಾಕಿದ. ಚೀಲ ಸೋರಿದಲ್ಲಿ ಮಾಳವ್ವ ತೇಪೆ ಹೊಲಿದಳು. ಮಗಳ ಮದುವೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರು, ಆಮೇಲೆ ಮತ್ತೊಂದು ವರ್ಷ. ಕೇರಿಗಳಿಗೆ ಮಾತ್ರ ನೀರು ಬರುತ್ತಲೇ ಇತ್ತು. ಬರುವ ನೀರನ್ನು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ.

ಒಂದು ವೈಶಾಖದ ಬೆಳಿಗ್ಗೆ, ಬಿಸಿಲು ಏರುವ ಹೊತ್ತಿಗೆ, ತುಂಬಿದ ಚೀಲ ಬಾವಿಯ ಅರ್ಧಕ್ಕೆ ಬಂದಿತ್ತು. ಬೂವಣ್ಣ ವಾಡಿಕೆಯಂತೆ ಹಗ್ಗದ ಮೇಲೆ ಕುಳಿತು ಎತ್ತುಗಳನ್ನು ಇಳಿಜಾರಿನಲ್ಲಿ ಹೊಡೆಯುತ್ತಿದ್ದ. ಹಗ್ಗ ಪಟ್ಟನೆ ಹರಿಯಿತು. ಎತ್ತುಗಳು ಮುಗ್ಗರಿಸಿ ಬಿದ್ದವು. ಬೂವಣ್ಣ ಕಲ್ಲಿನ ಕಟ್ಟೆಗೆ ಹೋಗಿ ಅಪ್ಪಳಿಸಿದ. ಅವನ ಬಲಗಾಲು ಎರಡು ಕಡೆ ಮುರಿಯಿತು.

ಅಂದು ಮಧ್ಯಾಹ್ನದಿಂದ ಊರಿನಲ್ಲಿ ನೀರು ನಿಂತಿತು.

ಮೂರನೆಯ ದಿನ ಬಂಡೆಯ ಕೆಳಗಿನ ಹಳ್ಳಿಯವರು ಗಾಡಿಯಲ್ಲಿ ನೀರು ತಂದು ಮಾರತೊಡಗಿದರು. ಕೊಡಕ್ಕೆ ಎರಡು ಕಾಸು. ಉಳ್ಳವರು ಕೊಂಡರು. ಇಲ್ಲದವರು ಕೊಡ ಹೊತ್ತು ಬಂಡೆ ಇಳಿದು ಹತ್ತಿದರು. ಬಸುರಿ ಹೆಂಗಸೊಬ್ಬಳು ಬಂಡೆಯ ಮೆಟ್ಟಿಲಲ್ಲಿ ತಲೆಸುತ್ತಿ ಬಿದ್ದಳು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಸುದ್ದಿ ಚಾವಡಿಗೆ ಮುಟ್ಟಿತು, ಸುದ್ದಿಯ ಹಿಂದೆಯೇ ಜನರೂ ಬಂದರು. ಮೊನ್ನೆ ಹರಸಿದ ಬಾಯಿಗಳೇ ಅಂದು ಶಪಿಸಿದವು.

ಕೇತಿಶೆಟ್ಟಿ ಹೆದರಿದ. ಹೆದರಿದವನ ಕೈಗೆ ಅಳತೆ ಇರುವುದಿಲ್ಲ. "ನಾಳೆಯಿಂದ ಮನೆಗೆ ಎಂಟು ಕಾಸು" ಎಂದುಬಿಟ್ಟ.

ರಾಗಿ ಬೀಸಿ ಬದುಕುವ ಸಿರಿಯವ್ವ ಎಂಬ ಒಂಟಿ ಮುದುಕಿ ಮುಂದೆ ಬಂದು ಕೇಳಿದಳು:

"ನಲವತ್ತು ವರ್ಷ ಒಂದು ಕಾಸಲ್ಲಿ ನಡೀತಲ್ಲ, ಇವತ್ತು ಒಂದೇ ದಿನಕ್ಕೆ ಎಂಟು ಹೇಗಾಯ್ತು ಶೆಟ್ಟರೇ? ಆವತ್ತಿನ ಲೆಕ್ಕ ಸುಳ್ಳೋ, ಇವತ್ತಿಂದು ಸುಳ್ಳೋ?"

ಒಂದು ಕಾಸು ಎಂದಾಗಲೂ ಕೇತಿಶೆಟ್ಟಿ ಲೆಕ್ಕ ಹಾಕಿರಲಿಲ್ಲ, ಎಂಟು ಎಂದಾಗಲೂ ಹಾಕಿರಲಿಲ್ಲ. ಎಷ್ಟು ಬೇಕು ಎಂದು ಬಲ್ಲವರನ್ನೇ ಕೇಳೋಣವೆಂದು ಅವನು ಬೂವಣ್ಣನ ಮನೆಗೆ ಹೋದ. ಬೂವಣ್ಣ ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ಮಾಳವ್ವ ಬಾಗಿಲಿಗೆ ಬಂದಳು.

"ಮಾಳವ್ವ, ಸುಂಕ ಎಷ್ಟಾದ್ರೆ ನಿಮಗೆ ಸಾಕು? ಹೇಳಿಬಿಡು, ಅಷ್ಟೇ ಮಾಡ್ತೀನಿ."

"ನಾನು ಹೇಳಿದರೆ ನನ್ನ ಆಸೆ ಹೇಳಿದ ಹಾಗಾಗತ್ತೆ ಶೆಟ್ಟರೇ. ಹೊಸ ಹಗ್ಗ ತರಿಸಿ. ಒಂದು ದಿನ ನೀವೇ ಕಪಿಲೆ ಹೊಡೀರಿ. ಆಮೇಲೆ ನನ್ನನ್ನ ಕೇಳೋದೇ ಬೇಕಾಗಲ್ಲ."

ಬೇರೆ ಹೊತ್ತಾಗಿದ್ದರೆ ಅವನು ಸಿಟ್ಟಾಗುತ್ತಿದ್ದ. ಅಂದು ಒಪ್ಪಿದ. ಊರ ಬೊಕ್ಕಸದಿಂದ ಹಗ್ಗ ತರಿಸಿದ. ಒಂಬತ್ತನೆಯ ದಿನದ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಎತ್ತುಗಳ ಹಿಂದೆ ನಿಂತ.

ಕಪಿಲೆಯ ಕೆಲಸ ನೋಡಲು ಸುಲಭ. ಇಳಿಯುವಾಗ ಎತ್ತು ಮುಂದಕ್ಕೆ ನಡೆಯುತ್ತವೆ. ಹತ್ತುವಾಗ ಹಿಂದು ಹಿಂದಕ್ಕೆ ನಡೆಯಬೇಕು. ಹಿಂದಕ್ಕೆ ಬರಲು ಎತ್ತು ಒಪ್ಪುವುದಿಲ್ಲ, ಒಪ್ಪಿಸಬೇಕು. ಇಪ್ಪತ್ತು ಚೀಲಕ್ಕೆ ಕೇತಿಶೆಟ್ಟಿಯ ಅಂಗೈ ಬೊಬ್ಬೆ ಎದ್ದಿತು. ನಲವತ್ತಕ್ಕೆ ಸೊಂಟ ಹಿಡಿಯಿತು. ಒಂದು ಎತ್ತು ನಡುಗುತ್ತಾ ನಿಂತುಬಿಟ್ಟಿತು. ಅದರ ಹೆಗಲು ಹುಣ್ಣಾಗಿ ಚರ್ಮ ಸುಲಿದಿರುವುದನ್ನು ಅವನು ಮೊದಲ ಸಲ ಹತ್ತಿರದಿಂದ ನೋಡಿದ.

"ಇನ್ನೆಷ್ಟು ಚೀಲ ಬೇಕು ಮಾಳವ್ವ?"

"ದಿನಕ್ಕೆ ಇನ್ನೂರು. ನಲವತ್ತೆಂಟು ಆಗಿದೆ."

ಅವನು ನೆರಳಿಗೆ ಹೋಗಿ ಕುಳಿತ. ಕೆಳಗಿನ ಕೇರಿಯಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು, ತಮ್ಮ ತೊಟ್ಟಿಗೆ ಇನ್ನೂ ಹನಿ ನೀರು ಬಂದಿಲ್ಲ ಎಂದು. ಅವನಿಗೆ ನಂಬಿಕೆಯಾಗಲಿಲ್ಲ. ನಲವತ್ತೆಂಟು ಚೀಲ ನೀರು ಹೋಗಿದ್ದೆಲ್ಲಿಗೆ?

"ಬನ್ನಿ, ತೋರಿಸ್ತೀನಿ" ಎಂದಳು ಮಾಳವ್ವ.

ಇಬ್ಬರೂ ಕಾಲುವೆ ಹಿಡಿದು ಇಳಿದರು. ಮೊದಲ ತೂಬು ಬಣ್ಣಗಾರ ಓಬಯ್ಯನ ಕಾರ್ಖಾನೆಗೆ ತಿರುಗಿತ್ತು. ಅಲ್ಲಿ ಸೀರೆಗೆ ಬಣ್ಣ ಹಾಕುವ ಹನ್ನೆರಡು ಬಾನಿಗಳು ತುಂಬಿ ತುಳುಕುತ್ತಿದ್ದವು. ಎರಡನೆಯ ತೂಬು ಎತ್ತರದ ಗೋಡೆಯ ಒಂದು ತೋಟಕ್ಕೆ ತಿರುಗಿತ್ತು. ಒಳಗೆ ಬಾಳೆ, ದಾಳಿಂಬೆ, ಮಲ್ಲಿಗೆ ಬಳ್ಳಿ. ಪಾತಿಗಳಲ್ಲಿ ಮೊಣಕಾಲಷ್ಟು ನೀರು ನಿಂತಿತ್ತು. ಆ ತೋಟ ಕೇತಿಶೆಟ್ಟಿಯದೇ.

ಅವನು ಬಗ್ಗಿ ಪಾತಿಯ ನೀರಿಗೆ ಕೈ ಇಟ್ಟ.

"ಇದಕ್ಕೆ ಎಷ್ಟು ಚೀಲ ಹೋಗತ್ತೆ?"

"ಒಂದು ಕೇರಿಗೆ ಹೋಗೋವಷ್ಟು. ಸುಂಕ ಒಂದು ಕಾಸು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಬಡವರ ಹೆಸರು ಹೇಳ್ತಿದ್ರಿ. ಅದಕ್ಕೆ ಎದುರು ಮಾತು ನಮ್ಮ ಬಾಯಲ್ಲಿ ಹೇಗೆ ಬರತ್ತೆ?"

ಬಡವರಿಗೆಂದು ಹಿಡಿದಿಟ್ಟ ಒಂದು ಕಾಸಿನಿಂದ ಹೆಚ್ಚು ಲಾಭವಾದದ್ದು ತನ್ನ ಬಾಳೆಗಿಡಗಳಿಗೆ ಎಂದು ಕೇತಿಶೆಟ್ಟಿಗೆ ಅರ್ಥವಾಯಿತು. ಅವನು ಕದ್ದಿರಲಿಲ್ಲ. ನೋಡಿರಲಿಲ್ಲ, ಅಷ್ಟೆ. ಈಗ ಅವನೆದುರು ಎರಡು ದಾರಿ ಇದ್ದವು. ಎಂಟನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಹೊಗಳಿಸಿಕೊಳ್ಳಬಹುದಿತ್ತು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಮಾನ ಹೋಗುತ್ತಿತ್ತು.

ಸಂಜೆ ಅವನು ಜನರನ್ನು ಚಾವಡಿಗೆ ಕರೆಯಲಿಲ್ಲ. ಬಾವಿಯ ಕಟ್ಟೆಗೆ ಕರೆದ. ಬೊಬ್ಬೆ ಬಂದ ಕೈಗಳನ್ನು ಹಿಂದೆ ಕಟ್ಟಿಕೊಂಡು ಹೇಳಿದ:

"ಹೆಚ್ಚು ನೀರು ಕುಡಿಯೋದು ನನ್ನ ತೋಟ. ಆಮೇಲೆ ಓಬಯ್ಯನ ಬಾನಿಗಳು. ಇಷ್ಟು ವರ್ಷ ನಾನು ನಿಮಗೆ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ನೀವೂ ಹಾಗೇ ಅಂದ್ಕೊಂಡಿದ್ರಿ. ಉಪಕಾರ ಮಾಡ್ತಿದ್ದವರು ಬೂವಣ್ಣ, ಮಾಳವ್ವ ಮತ್ತು ಎರಡು ಎತ್ತು."

ಆಮೇಲೆ ಎಲ್ಲರ ಮುಂದೆ ಲೆಕ್ಕ ಇಟ್ಟ. ನಾಲ್ಕು ಎತ್ತಿನ ಮೇವು ಎಷ್ಟು, ಹಗ್ಗ ಎಷ್ಟು, ಚೀಲ ಎಷ್ಟು, ಇಬ್ಬರ ಕೂಲಿ ಎಷ್ಟು. ಕೊಡದಲ್ಲಿ ತುಂಬಿಕೊಳ್ಳುವ ಮನೆಗೆ ಎರಡು ಕಾಸು ಎಂದಾಯಿತು. ತೋಟಕ್ಕೂ ಬಾನಿಗೂ ತೂಬು ತೆರೆದಷ್ಟು ಹೊತ್ತಿಗೆ ಬೇರೆ ದರ ಎಂದಾಯಿತು.

ಓಬಯ್ಯ ಎದ್ದು ನಿಂತ. "ಹೀಗಾದ್ರೆ ನನ್ನ ಸೀರೆ ತುಟ್ಟಿಯಾಗತ್ತೆ!"

"ಆಗಲಿ" ಎಂದಳು ಸಿರಿಯವ್ವ. "ನಿನ್ನ ಸೀರೆ ಉಟ್ಟೋರು ಕೊಡಲಿ. ನಾನು ಉಟ್ಟಿಲ್ಲವಲ್ಲ."

ಜನ ನಕ್ಕರು. ಓಬಯ್ಯ ಗೊಣಗುತ್ತಾ ಕುಳಿತ. ನಗು ನಿಂತ ಮೇಲೆ ಕೇತಿಶೆಟ್ಟಿ, "ಎರಡು ಕಾಸೂ ಕೊಡಲಾರದ ಮನೆ ಹದಿನಾರು ಇವೆ. ಅವರಿಗೆ ಬಿಟ್ಟಿ ಕೊಡೋಣ" ಎಂದ.

ಮಾಳವ್ವ ತೊಟ್ಟಿಯ ಬಳಿಯಿಂದ ಮುಂದೆ ಬಂದಳು.

"ಕೊಡಿ ಶೆಟ್ಟರೇ. ಆದರೆ ಕೊಡೋರು ಊರಾಗಲಿ, ನಾವಲ್ಲ. ಆ ಹದಿನಾರು ಮನೆಯ ಸುಂಕ ಬೊಕ್ಕಸದಿಂದ ಬರಲಿ. ಎಲ್ಲರಿಗೂ ಗೊತ್ತಿರಲಿ."

ಹಾಗೇ ಆಯಿತು.

ಎಲ್ಲರೂ ಸಂತೋಷಪಡಲಿಲ್ಲ. ಎರಡು ಕಾಸಾಯಿತೆಂದು ಹಲವರು ಗೊಣಗಿದರು. ಮುಂದೆ ಬಹಳ ದಿನ ಕೇತಿಶೆಟ್ಟಿ ದಾರಿಯಲ್ಲಿ ಬಂದರೆ ಕೈ ಮುಗಿಯುವವರು ಕಡಿಮೆಯಾದರು. ಅದರಿಂದ ಅವನಿಗೆ ನೋವಾಯಿತು. ತೋಟದ ಬಾಳೆಯನ್ನು ಅವನೇ ಕಡಿಸಿದ, ಮಲ್ಲಿಗೆ ಬಳ್ಳಿ ಉಳಿಸಿಕೊಂಡ. ಓಬಯ್ಯ ಬಣ್ಣದ ನೀರನ್ನು ಚೆಲ್ಲದೆ ತಿಳಿಗೊಳಿಸಿ ಎರಡನೆಯ ಸಲ ಬಳಸುವುದನ್ನು ಕಲಿತ. ನೀರಿಗೆ ಬೆಲೆ ಬಂದ ಮೇಲೆ ಅವನಿಗೆ ಆ ಬುದ್ಧಿ ತಾನಾಗಿ ಬಂದಿತ್ತು. ಬೂವಣ್ಣನ ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಅದನ್ನು ಯಾವ ಸುಂಕವೂ ಸರಿಮಾಡಲಿಲ್ಲ. ಕಪಿಲೆಗೆ ಹೊಸ ಜೋಡಿ ಎತ್ತು ಬಂದವು. ಮಗಳ ಮದುವೆ ಮಾಗಿಯಲ್ಲಿ ನಡೆಯಿತು.

ಮುಂದಿನ ಯುಗಾದಿಯ ಮಾರನೆಯ ದಿನ ಎಲ್ಲರೂ ಮತ್ತೆ ಬಾವಿಯ ಕಟ್ಟೆಯಲ್ಲಿ ಸೇರಿದರು. ಆ ವರ್ಷ ಮಳೆ ಚೆನ್ನಾಗಿತ್ತು, ಮೇವು ಅಗ್ಗವಾಗಿತ್ತು. ಹಗ್ಗವೂ ಗಟ್ಟಿಯಾಗಿತ್ತು. ಲೆಕ್ಕ ನೋಡಿದರೆ ಮನೆಗೆ ಒಂದೂವರೆ ಕಾಸು ಸಾಕಿತ್ತು. ಹಾಗೇ ಗೊತ್ತುಮಾಡಿ, ಡಂಗುರ ಸಾರುವ ಹುಚ್ಚಯ್ಯನನ್ನು ಕಳಿಸಿದರು.

ಅವನು ಮೊದಲ ಕೇರಿಯವರೆಗೆ ಹೋಗಿ ತಮಟೆ ಬಗಲಲ್ಲಿ ಇಟ್ಟುಕೊಂಡು ವಾಪಸು ಬಂದ.

"ಶೆಟ್ಟರೇ, ಬಾಯಿ ತಪ್ಪಿ ಹೇಳಿದ್ರೇನೋ ಅಂತ ಕೇಳೋಕೆ ಬಂದೆ. ಸುಂಕ ಇಳೀತು ಅಂತ ನಮ್ಮಜ್ಜನೂ ಸಾರಿದ್ದಿಲ್ಲ."

"ತಪ್ಪಿಲ್ಲ, ಸಾರು" ಎಂದ ಕೇತಿಶೆಟ್ಟಿ. "ಬರೋ ವರ್ಷ ಏರಿದರೆ ಅದನ್ನೂ ಇಷ್ಟೇ ಗಟ್ಟಿಯಾಗಿ ಸಾರಬೇಕು."

ನೀತಿ: ಊರಿನ ಯಾವ ಸೇವೆಯೂ ಬೆಲೆಯಿಲ್ಲದೆ ನಡೆಯುವುದಿಲ್ಲ. ಎಲ್ಲರೂ ಕೊಡಬೇಕಾದದ್ದನ್ನು ಎಲ್ಲರೂ ಕೊಡದಿದ್ದರೆ, ಕಣ್ಣಿಗೆ ಕಾಣದ ಯಾರೋ ಒಬ್ಬರು ಅದನ್ನು ತಮ್ಮ ಮೈ ಸವೆಸಿ ಕೊಡುತ್ತಿರುತ್ತಾರೆ. ಸುಂಕ ಗೊತ್ತುಮಾಡುವವನು ಹೊಗಳಿಕೆಗೆ ಹಿಗ್ಗಿ ಅದನ್ನು ತಡೆಹಿಡಿಯಬಾರದು, ಬೈಗುಳಕ್ಕೆ ಹೆದರಿ ಏರಿಸಲೂ ಬಾರದು. ಕೆಲಸ ನಡೆಯುವಲ್ಲಿಗೆ ಹೋಗಿ ಕಣ್ಣಾರೆ ನೋಡಬೇಕು. ಹೋಗುವ ದಾರಿಯಲ್ಲಿ ತನ್ನ ಮನೆಯ ತೂಬನ್ನೂ ನೋಡಬೇಕು.