ಹರಿಯದ ಮಿಣಿಯ ಬಂಡೆ

ಫಾರೋ ದ್ವೀಪಗಳ ಉತ್ತರದ ತುದಿಯಲ್ಲಿರುವ ನಮ್ಮ ಸ್ಕಾರ್ವಿ ಊರಿಗೆ ಬಂದವರೆಲ್ಲ ಮೊದಲು ಓಡುವುದು ಆ ಕಡಿದಾದ ಬಂಡೆಯ ಅಂಚಿಗೇ. ಕೆಳಗೆ ಕಡಲು ಮೊರೆಯುತ್ತಿರುತ್ತದೆ, ಸಂದುಗೊಂದುಗಳಲ್ಲಿ ಹಕ್ಕಿಗಳು ಕಿರುಚುತ್ತಿರುತ್ತವೆ, ಇವರು ಫೋಟೋಗೆಂದು ಬಗ್ಗುತ್ತಾರೆ. ‘ಹಿಂದೆ ಸರೀರಪ್ಪಾ’ ಎಂದು ಕೂಗಿ ಕೂಗಿ ನನ್ನ ಗಂಟಲು ಒಣಗಿದೆ. ಅಂಚಿನ ಕಲ್ಲಿನಲ್ಲಿ ಹಗ್ಗ ಉಜ್ಜಿ ಆದ ಆಳವಾದ ಗೀರುಗಳಿವೆ. ಈ ಜಾಗಕ್ಕೆ ಹರಿಯದ ಮಿಣಿಯ ಬಂಡೆ ಎಂಬ ಹೆಸರೇಕೆ ಬಂತೆಂದು ಯಾರೂ ನಿಂತು ಕೇಳುವುದಿಲ್ಲ, ನಾನೇ ಹಿಡಿದು ನಿಲ್ಲಿಸಿ ಹೇಳಬೇಕು.

ಹಿಂದೆ ಒಮ್ಮೆ, ದೊಡ್ಡ ಹಡಗುಗಳು ಇತ್ತ ಸುಳಿಯದಿದ್ದ ಕಾಲದಲ್ಲಿ, ವಸಂತ ಬಂದರೆ ಊರಿನ ಹೊಟ್ಟೆ ತುಂಬುತ್ತಿದ್ದುದು ಈ ಹಕ್ಕಿಗಳ ಮೊಟ್ಟೆಯಿಂದ ಎನ್ನುತ್ತಾರೆ. ಒಬ್ಬ ಸೊಂಟಕ್ಕೆ ಮಿಣಿ, ಅಂದರೆ ತೊಗಲಿನ ಹಗ್ಗ, ಕಟ್ಟಿಕೊಂಡು ಇಳಿಯುವನು, ಮೇಲಿದ್ದವರು ಹಿಡಿಯುವರು. ತೊಗಲು ಸೀಳಿ ಆ ಮಿಣಿಯನ್ನು ಹೆಣೆಯುತ್ತಿದ್ದವಳು ಮರ್ಯುನ್. ಅವಳ ಗಂಡ ಹಾನುಸ್‌ಗೂ ಅವನ ತಮ್ಮ ಬಾರ್ಡುರ್‌ಗೂ ಹುಲ್ಲುಗಾವಲಿನ ಪಾಲಿನ ವಿಷಯದಲ್ಲಿ ಆಗಿಬರುತ್ತಿರಲಿಲ್ಲ. ಒಂದು ದಿನ ದಟ್ಟ ಮಂಜಿನಲ್ಲಿ ಇಬ್ಬರೇ ಮೊಟ್ಟೆಗೆ ಹೋದರು, ತಮ್ಮನೊಬ್ಬನೇ ಮರಳಿದ. ಅಣ್ಣ ಸ್ವಲ್ಪ ಇಳಿಯುವಷ್ಟರಲ್ಲಿ ಮಿಣಿ ಹರಿದುಹೋಯಿತು ಎಂದು ಎದೆ ಬಡಿದುಕೊಂಡು ಅತ್ತ. ಮೇಲೆ ಸುರುಳಿಯಲ್ಲಿ ಉಳಿದಿದ್ದ ಉದ್ದನೆಯ ತುಂಡಿನ ತುದಿ ಎಳೆಎಳೆಯಾಗಿತ್ತು. ಕಡಲು ಹೆಣವನ್ನೂ ಕೊಡಲಿಲ್ಲ. ಊರು ಬಾರ್ಡುರನ ಮಾತನ್ನು ನಂಬಿತು.

ಅಲ್ಲಿಂದ ಮುಂದೆ ಮರ್ಯುನ್‌ಳ ಮಿಣಿಯನ್ನು ಕೊಳ್ಳುವವರಿಲ್ಲ. ಗಂಡನನ್ನೇ ನುಂಗಿದ ಕೈ ಎಂದು ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಅಯ್ಯೋ, ನಮ್ಮೂರಿನ ಬಾಯಿ ಅಂದರೆ ಕೇಳಬೇಕೆ! ಜೀವ ತೆಗೆದ ಹಗ್ಗವನ್ನು ಕುರಿ ಕಟ್ಟಲೂ ಬಳಸಬಾರದೆಂಬುದು ಇಲ್ಲಿನ ಕಟ್ಟಳೆ. ಅವಳೋ ಅದೇ ತುಂಡನ್ನು ಹೆಗಲಿಗೆ ಹಾಕಿಕೊಂಡು ಬಂಡೆಯ ಮೇಲೆ ಅಲೆದಳು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಹೆಣಿಗೆಯನ್ನು ಮತ್ತೆ ಮತ್ತೆ ತಡವಿ ನೋಡುವಳು. ನನ್ನ ಕೈಯೇ ತಪ್ಪಿತೆ, ನಾನೇ ಅವನನ್ನು ಕೊಂದೆನೆ ಎಂಬುದೊಂದೇ ಅವಳಿಗೆ ತಿಳಿಯಬೇಕಿತ್ತು.

ಮರುವರ್ಷದ ವಸಂತದಲ್ಲಿ ಬಾರ್ಡುರ್ ಪರವೂರಿನಿಂದ ತರಿಸಿದ ಸೆಣಬಿನ ಹಗ್ಗ ಕಟ್ಟಿಕೊಂಡು ಇಳಿದ. ನಾಲ್ಕಾರು ಗಂಡಸರು ಮೇಲೆ ಹಿಡಿದಿದ್ದರು. ಅವನು ಇನ್ನೂ ಇಳಿಯುತ್ತಿದ್ದಾಗಲೇ ಕಲ್ಲಿನ ಅಂಚಿಗೆ ಉಜ್ಜಿ ಸೆಣಬಿನ ಎಳೆಗಳು ಒಂದೊಂದಾಗಿ ಕಿತ್ತುಕೊಳ್ಳತೊಡಗಿದವು. ಎಳೆದರೆ ಪೂರ್ತಿ ತುಂಡಾದೀತೆಂದು ಯಾರೂ ಎಳೆಯಲಿಲ್ಲ. ಹತ್ತಿರದಲ್ಲಿದ್ದುದು ಅಲ್ಲೇ ಅಲೆಯುತ್ತಿದ್ದ ಮರ್ಯುನ್‌ಳ ಹೆಗಲ ಮೇಲಿನ ಮಿಣಿಯೊಂದೇ. ‘ಬೇಡ, ಅದು ಸಾವಿನ ಹಗ್ಗ’ ಎಂದು ಗಂಡಸರು ಹಿಂಜರಿದರು. ಕೆಳಗಿನಿಂದ ಬಾರ್ಡುರ್ ಚೀರಿದ: ‘ಅತ್ತಿಗೇ, ಅದನ್ನೇ ಕೆಳಗೆ ಬಿಡಿ! ಅದು ಹರಿಯೋದಿಲ್ಲ!’

ಮರ್ಯುನ್ ಅಂಚಿನಲ್ಲಿ ಬೋರಲಾಗಿ ಮಲಗಿ ಕೆಳಗೆ ನೋಡಿದಳು. ‘ಹರಿದ ಮಿಣಿ ಹರಿಯೋದಿಲ್ಲ ಅಂತ ನಿನಗೆ ಹೇಗೆ ಗೊತ್ತು?’ ಎಂದಳು. ಸೆಣಬಿನ ಇನ್ನೊಂದು ಎಳೆ ಕಿತ್ತುಹೋಯಿತು. ‘ನಾನೇ ಕೊಯ್ದೆ ಅತ್ತಿಗೆ! ಹರಿದಂಗೆ ಕಾಣಲಿ ಅಂತ ತುದೀನ ಕಲ್ಲಿನಿಂದ ಜಜ್ಜಿದೆ! ನಿಮ್ಮ ಕಾಲಿಗೆ ಬೀಳ್ತೀನಿ, ಮಿಣಿ ಬಿಡಿ!’ ಎಂದ. ‘ಹಾಳಾಗಿ ಹೋಗಲಿ, ಬಿದ್ದು ಸಾಯಲಿ’ ಎಂದನಂತೆ ಮೇಲಿದ್ದವನೊಬ್ಬ. ಮರ್ಯುನ್ ಮಿಣಿಯ ಒಂದು ತುದಿಯನ್ನು ತನ್ನ ಸೊಂಟಕ್ಕೇ ಸುತ್ತಿಕೊಂಡು ಇನ್ನೊಂದನ್ನು ಕೆಳಗೆ ಬಿಟ್ಟಳು. ‘ಹಿಡೀರಿ ಎಲ್ಲರೂ’ ಎಂದಳು. ಎಳೆದರು. ಮಿಣಿ ಹರಿಯಲಿಲ್ಲ. ಬಾರ್ಡುರನನ್ನು ಕಟ್ಟಿ ವಿಚಾರಣೆಗೆ ದೋಣಿಯಲ್ಲಿ ಕಳಿಸಿದರು, ಅವನು ತಿರುಗಿ ಬರಲಿಲ್ಲ.

ಈ ಗೀರುಗಳಲ್ಲಿ ಎಲ್ಲಕ್ಕಿಂತ ಆಳವಾದದ್ದು ಅಂದಿನದು ಎನ್ನುತ್ತಾರೆ. ಬಂದವರು ಅದರಲ್ಲಿ ಬೆರಳಿಟ್ಟು, ‘ಗಂಡನನ್ನು ಕೊಂದವನನ್ನೇ ಉಳಿಸಿದಳಲ್ಲ, ಎಂಥ ದೊಡ್ಡ ಮನಸ್ಸು’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ರೇಗುತ್ತದೆ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅಂದು ಅವನು ಬಿದ್ದಿದ್ದರೆ, ಪ್ರಾಣಭಯಕ್ಕೆ ಏನೋ ಒದರಿ ಸತ್ತ, ಮರ್ಯುನ್‌ಳ ಮಿಣಿ ಹರಿದದ್ದೇ ನಿಜ ಎಂದೇ ಈ ಊರು ಇವತ್ತಿಗೂ ಹೇಳುತ್ತಿತ್ತು.