ಮಾತಾಡಿದ ಪೋರ್ಟು

ಒಂದೂರಿನ ಹಾಲಿನ ಡೈರಿಗೆ ಸಾಕಮ್ಮ ಕಾರ್ಯದರ್ಶಿ. ಅವಳ ಒಬ್ಬನೇ ಮಗ ಜವರ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪುಣ್ಯಾತ್ಮ. ಅದೇ ಅವಳ ತಲೆನೋವು. ಕೆಲಸವಿಲ್ಲದ ಪೆದ್ದನಿಗೆ ಹೆಣ್ಣು ಕೊಡೋರು ಯಾರು? ಇವನಿಗೊಂದು ಮದುವೆ ಆಗಲಿ ಅಂತ ಅವಳು ಹೊರದ ಹರಕೆಯಿಲ್ಲ. ಕೊನೆಗೆ ಡೈರಿಯಲ್ಲೇ ಕೂರಿಸಿದಳು.

“ನೋಡ್ಲಾ, ತೂಕದ ಮಿಷನ್ನು, ಹಾಲಿನ ಕೊಬ್ಬು ಅಳೆಯೋ ಫ್ಯಾಟ್ ಮಿಷನ್ನು ಎರಡೂ ವೈರಲ್ಲಿ ಕಂಪ್ಯೂಟರಿಗೆ ಸೇರವೆ. ಈ ಕಪ್ಪು ಪರದೇಲಿ ನಾನು ಹೇಳ್ಕೊಟ್ಟ ಸಾಲು ಟೈಪ್ ಮಾಡು. ಎರಡರ ಹೆಸರೂ ಬಂದ್ರೆ ಸರಿಯಾಗವೆ ಅಂತ. ಆಮೇಲೆ ಏನೂ ಮುಟ್ಬ್ಯಾಡ!”

ಜವರ ಟೈಪ್ ಮಾಡಿದ. ಎರಡೂ ಹೆಸರು ಬಂದವು. ಅಷ್ಟರಲ್ಲಿ ಹಾಲಿನ ಕ್ಯಾನು ಉರುಳಿತು, ಹಾಲು ಬೀದಿಗೆ ಹರಿಯಿತು. ಜವರ ಕೈಕಟ್ಟಿ ಕೂತೇ ಇದ್ದ.

“ಅಯ್ಯೋ ನನ್ನ ಹಣೆಬರಾವೇ! ಎತ್ತಬಾರ್ದೇನ್ಲಾ?”

“ಮುಟ್ಬ್ಯಾಡ ಅಂದಿದ್ದೆ ಕಣವ್ವ!”

“ಸುಮ್ನೆ ಕೂತ್ರೆ ಆಯ್ತದಾ? ನಾಳೆ ಮಿಷನ್ನಿನ ವೈರು ಕೈಕೊಟ್ರೂ ಹಿಂಗೇ ಕೂರ್ತೀಯಾ? ಕೇಳಿದ್ದಕ್ಕೆ ಉತ್ರ ಬರ್ಲಿಲ್ಲ ಅಂದ್ರೆ ಈಚೆಗೆ ಕಿತ್ತು, ತಿರುಗಿ ಸಿಗಿಸ್ಬೇಕು!”

ಮಾರನೇ ಬೆಳಗ್ಗೆ ಡೈರಿ ಅಧ್ಯಕ್ಷ ದೊಡ್ಡೀರೇಗೌಡರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. “ಗೌಡ್ರೇ, ಕಾಫಿ ಕುಡೀತೀರಾ?” ಉತ್ತರವಿಲ್ಲ. ಜವರ ರಟ್ಟೆ ಹಿಡಿದು ಎಳೆದ, ಬಾಗಿಲಾಚೆ ನಿಲ್ಲಿಸಿದ, ತಿರುಗಿ ತಂದು ಕುರ್ಚಿಗೆ ಅದುಮಿದ. “ಈಗ ಹೇಳಿ, ಕಾಫಿ?”

ಗೌಡರು ಕಾಫಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲಾ ಹೇಳಿದರು.

“ದೊಡ್ಡೋರನ್ನ ಎಳ್ದಾಡ್ತಾರೇನ್ಲಾ?” ಸಾಕಮ್ಮ ತಲೆ ಚಚ್ಚಿಕೊಂಡಳು. “ಕೈಮುಗ್ದು ನಿಂತು, ಅವರಾಗೇ ಮಾತಾಡೋಗಂಟ ಕಾಯ್ಬೇಕು!”

ಸಂಜೆ ಪರದೆಯಲ್ಲಿ ಫ್ಯಾಟ್ ಮಿಷನ್ನಿನ ಹೆಸರೇ ಇಲ್ಲ. ಜವರ ಎದ್ದು ಕೈಮುಗಿದು ನಿಂತ. ಹಾಲು ತಂದವರ ಸಾಲು ಬೀದಿ ದಾಟಿತು. ಅವನು ಅಲುಗಲಿಲ್ಲ.

“ಮಂಕೆ! ಮಿಷನ್ನಿಗೆ ಕೈಮುಗೀತಾರಾ? ಈ ವೈರು ಸಿಗಿಸೋ ತೂತಿಗೆ ಪೋರ್ಟು ಅಂತಾರೆ. ಒಂದು ಪೋರ್ಟು ಮಾತಾಡ್ಲಿಲ್ಲ ಅಂದ್ರೆ ಪಕ್ಕದ್ದನ್ನ ಕೇಳು. ಅದೂ ಮಾತಾಡ್ಲಿಲ್ಲ ಅಂದ್ರೆ ಅದರ ಪಕ್ಕದ್ದು. ಯಾವ್ದು ಮಾತಾಡ್ತದೋ ಅದನ್ನ ಹಿಡ್ಕೋ!”

ಜವರ ವೈರನ್ನು ಪಕ್ಕದ ತೂತಿಗೆ ಸಿಗಿಸಿ, ಅದೇ ಸಾಲು ಟೈಪ್ ಮಾಡಿ ಕೇಳಿದ. ಪಕ್ಕದ್ದು ಮಾತಾಡಿತು! ಫ್ಯಾಟ್ ಮಿಷನ್ನು ಹೆಸರು ಹೇಳಿತು! ಸಾಕಮ್ಮನ ಕಣ್ಣು ತುಂಬಿ ಬಂತು. ಮಗ ಕೆಲಸಕ್ಕೆ ಬಂದ ಅಂತ ಆ ವಾರವೇ ಹೆಣ್ಣು ನೋಡಲು ಕರೆದುಕೊಂಡು ಹೋದಳು.

“ಹುಡುಗೀನ ನೀನೇ ಕೇಳಪ್ಪ,” ಅಂದ ಹೆಣ್ಣಿನ ಅಪ್ಪ.

“ನನ್ನ ಮದ್ವೆ ಆಯ್ತೀಯಾ?”

ಹುಡುಗಿ ನಾಚಿ ತಲೆ ತಗ್ಗಿಸಿದಳು. ಸಾಕಮ್ಮನಿಗೆ ಒಳಗೊಳಗೇ ಹಿಗ್ಗು. ನಾಚಿದಳು ಅಂದರೆ ಒಪ್ಪಿದ ಹಾಗೇ ತಾನೆ!

ಜವರ ಪಕ್ಕಕ್ಕೆ ತಿರುಗಿದ. ಅಲ್ಲಿ ಹುಡುಗಿಯ ತಾಯಿ. “ನೀನು ಆಯ್ತೀಯಾ?” ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅದರ ಪಕ್ಕ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದ ಬೊಚ್ಚುಬಾಯಿ ಅಜ್ಜಿ. “ನೀನು ಆಯ್ತೀಯಾ?”

“ಆಯ್ತೀನಿ ಕಣಪ್ಪ, ದಿನಾ ಎಲೆಅಡಿಕೆ ಕುಟ್ಟಿಕೊಡೋದಾದ್ರೆ!”

ಜವರ ಅಜ್ಜಿಯ ಕೈ ಬಿಗಿಯಾಗಿ ಹಿಡಿದು ಕೂಗಿದ: “ಅವ್ವಾ! ಇದು ಮಾತಾಡ್ತು ಕಣವ್ವಾ! ಹಿಡ್ಕೊಂಡಿವ್ನಿ!”